ನಂಜು ಬಂದ ದಾರಿ

(ನಗರದ ನರ್ಸಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಕೂಟದಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ)



ಆಪರೇಷನ್ ಥಿಯೇಟರಿನ ಬಗ್ಗೆ ನಿಮ್ಮ ಮುಂದೆ ಮಾತನಾಡಲು ನನಗಿರುವ ಅರ್ಹತೆ ತೀರಾ ಕಡಿಮೆ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿದವಳು ನಾನು. ಚರಂಡಿ, ಬಸ್ ದರ, ನಗರಸಭೆಯ ಜಗಳ ಇವು ನನ್ನ ದಿನನಿತ್ಯದ ಸರಕು. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದು ಒಂದು ಬದನೆಕಾಯಿ.

ನಾನು ಪಿಯುಸಿ ಓದುತ್ತಿದ್ದಾಗ ನನ್ನ ಸೋದರಮಾವನಿಗೆ ಎಡಗಡೆ ಹರ್ನಿಯಾ ಆಪರೇಷನ್ ಆಯಿತು. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವರು ಅವರು. ಮೂರನೇ ದಿನ ಮನೆಗೆ ಬಂದರು. ಆರನೇ ದಿನ ಗಾಯದ ಸುತ್ತ ಕೆಂಪಗಾಯಿತು, ಎಂಟನೇ ದಿನ ಹೊಲಿಗೆಯ ಸಂದಿನಲ್ಲಿ ಕೀವು ಕಾಣಿಸಿತು. ಹೊಲಿಗೆ ಬಿಚ್ಚಿ ಗಾಯ ತೆರೆದಿಟ್ಟರು. ದಿನ ಬಿಟ್ಟು ದಿನ ಡ್ರೆಸಿಂಗ್. ಎರಡು ತಿಂಗಳು ಕೂಲಿ ಇಲ್ಲ. ಅತ್ತೆಯ ಕತ್ತಿನ ಸರ ಗಿರವಿ ಅಂಗಡಿ ಸೇರಿತು.

ಮನೆಯಲ್ಲಿ ವಿಚಾರಣೆ ನಡೆಯಿತು. ನ್ಯಾಯಾಧೀಶರು ನಮ್ಮ ಅಜ್ಜಿ. 'ಕೊಯ್ದ ಮೈಗೆ ಬದನೆಕಾಯಿ ಬಡಿಸಿದ್ಯಲ್ಲೇ, ನಂಜಾಗದೆ ಇನ್ನೇನಾಗುತ್ತೆ?' ಎಂದು ಸೊಸೆಯನ್ನು ಕೇಳಿದರು. ಅತ್ತೆ ಒಲೆಯ ಮುಂದೆ ಕೂತು ಅತ್ತರು. ಆಸ್ಪತ್ರೆಯಲ್ಲೂ ಒಂದು ವಿಚಾರಣೆ ನಡೆಯಿತು. ಗಾಯಕ್ಕೆ ನೀರು ಮುಟ್ಟಿಸಿದಿರಾ, ಬೀಡಿ ಸೇದುತ್ತೀರಾ, ಸಕ್ಕರೆ ಕಾಯಿಲೆ ಇದೆಯಾ? ಕೇಳಬೇಕಾದ ಪ್ರಶ್ನೆಗಳೇ. ಆದರೆ ಎರಡೂ ವಿಚಾರಣೆಗಳಲ್ಲಿ ಕಟಕಟೆಗೆ ಹತ್ತಿದ್ದು ನಮ್ಮ ಮನೆಯವರು ಮಾತ್ರ. ಆ ದಿನ ಮಾವ ಮಲಗಿದ ಮೇಜಿನ ಮೇಲೆ ಅವರಿಗಿಂತ ಮುಂಚೆ ಯಾರು ಮಲಗಿದ್ದರು, ಅವರ ತೋಳಿಗೆ ಸುತ್ತಿದ ರಕ್ತದೊತ್ತಡದ ಪಟ್ಟಿ ಅದಕ್ಕೆ ಮೊದಲು ಯಾರ ತೋಳಿನಲ್ಲಿತ್ತು ಎಂದು ಯಾರೂ ಕೇಳಲಿಲ್ಲ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆ ಆಸ್ಪತ್ರೆಯದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಶಸ್ತ್ರಚಿಕಿತ್ಸೆಯ ಗಾಯಕ್ಕೆ ತಗಲುವ ಸೋಂಕುಗಳಲ್ಲಿ ಹೆಚ್ಚಿನವು ರೋಗಿಯ ಚರ್ಮ, ಮೂಗು, ಕರುಳಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾಗಳಿಂದಲೇ ಬರುತ್ತವೆ. ಮಾವನ ನಂಜು ಎಲ್ಲಿಂದ ಬಂತೆಂದು ಈಗ ಯಾರೂ ಹೇಳಲಾರರು. ಒಬ್ಬರಿಂದ ಒಬ್ಬರಿಗೆ ದಾಟುವ ವಸ್ತುಗಳು ಮಾತ್ರ ವಿಚಾರಣೆಯಿಂದ ಇಷ್ಟು ಸಲೀಸಾಗಿ ಹೇಗೆ ತಪ್ಪಿಸಿಕೊಳ್ಳುತ್ತವೆ ಎಂಬುದು ನನ್ನ ಕುತೂಹಲ.

ನಂಜು ಎಂಬ ಮಾತಿಗೆ ವಿಷವೆಂದು ಮೂಲ ಅರ್ಥ. ನಂಜನಗೂಡಿನ ನಂಜುಂಡೇಶ್ವರ ಎಂದರೆ ವಿಷ ಉಂಡ ಈಶ್ವರ. ಗಾಯ ಕೀವಾದರೆ ಅದಕ್ಕೆ ಹೊರಗಿನ ವಿಷ ಸೇರಿದೆ ಎಂಬ ತಿಳಿವಳಿಕೆ ಆ ಪದದಲ್ಲೇ ಇದೆ. ಅಜ್ಜಿ ಎಡವಿದ್ದು ದಾರಿಯ ವಿಷಯದಲ್ಲಿ. ಆಕೆ ಬಾಯಿಯನ್ನು ನೋಡಿದರು. ಯುರೋಪಿನ ದೊಡ್ಡ ದೊಡ್ಡ ವೈದ್ಯರು ಗಾಳಿಯನ್ನು ನೋಡಿದರು. ಕೊಳೆತ ಗಾಳಿಯೇ ರೋಗದ ಮೂಲವೆಂದು ಶತಮಾನಗಳ ಕಾಲ ನಂಬಿದ್ದ ಅವರು ನಮ್ಮಜ್ಜಿಯನ್ನು ನೋಡಿ ನಗುವಂತಿರಲಿಲ್ಲ.

ಎಡಿನ್‌ಬರೊದ ಜೇಮ್ಸ್ ಯಂಗ್ ಸಿಂಪ್ಸನ್, ಹೆರಿಗೆಗೆ ಕ್ಲೋರೋಫಾರ್ಮ್ ತಂದ ವೈದ್ಯರು, 1869ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಹಳ್ಳಿಗಳಲ್ಲಿ, ರೋಗಿಗಳ ಮನೆಯಲ್ಲೇ, ಕೈಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ 2,098 ಜನರಲ್ಲಿ ಸತ್ತವರು 226. ದೊಡ್ಡ ಆಸ್ಪತ್ರೆಗಳಲ್ಲಿ ಅದೇ ಚಿಕಿತ್ಸೆಗೆ ಒಳಗಾದ 2,089 ಜನರಲ್ಲಿ ಸತ್ತವರು 855. ಅಡುಗೆಮನೆಯ ಮೇಜಿನ ಮೇಲೆ ಹಳ್ಳಿಯ ವೈದ್ಯ ಕೊಯ್ದರೆ ನೂರಕ್ಕೆ 11 ಸಾವು, ನಗರದ ಪ್ರಸಿದ್ಧ ಕೈಗಳು ಕೊಯ್ದರೆ 41! ಹಳ್ಳಿಯ ಮನೆಯಲ್ಲಿ ರೋಗಿ ಒಬ್ಬನೇ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಕೀವು ತೊಳೆದ ಸ್ಪಂಜು ಇವನ ಹಾಸಿಗೆಗೂ ಬರುತ್ತಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದ ಡಬ್ಲ್ಯು. ಡಬ್ಲ್ಯು. ಕೀನ್ ಮುಪ್ಪಿನಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ: ಕೀವಿನ ಗಾಯಗಳಿಗೆ ಬಳಸಿದ ಸ್ಪಂಜನ್ನು ಬರೀ ನಲ್ಲಿನೀರಿನಲ್ಲಿ ತೊಳೆದು ಮತ್ತೆ ಬಳಸುತ್ತಿದ್ದರಂತೆ, ರಕ್ತ ಮೆತ್ತಿದ ಹಳೆಯ ಕೋಟು ತೊಟ್ಟೇ ಕೊಯ್ಯುತ್ತಿದ್ದರಂತೆ.

ದಾರಿಯನ್ನು ಮೊದಲು ಕಂಡವರಲ್ಲಿ ಒಬ್ಬರು ಇಗ್ನಾಸ್ ಸೆಮ್ಮೆಲ್‌ವೈಸ್. ಈ ಕಥೆಯ ಮೊದಲ ಅರ್ಧ ನಿಮ್ಮ ಪಠ್ಯದಲ್ಲೇ ಇರಬಹುದು. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರಾಗಲು ಕಲಿಯುವವರು. ಮೊದಲನೆಯದರಲ್ಲಿ ನೂರಕ್ಕೆ ಸುಮಾರು 10 ಬಾಣಂತಿಯರು ಸಾಯುತ್ತಿದ್ದರು, ಎರಡನೆಯದರಲ್ಲಿ 4ಕ್ಕಿಂತ ಕಡಿಮೆ. ಮೊದಲನೆಯ ವಿಭಾಗಕ್ಕೆ ಹಾಕಬೇಡಿ ಎಂದು ಹೆಂಗಸರು ಮಂಡಿಯೂರಿ ಬೇಡುತ್ತಿದ್ದರು. 1847ರ ಮಾರ್ಚಿನಲ್ಲಿ ಸೆಮ್ಮೆಲ್‌ವೈಸ್‌ರ ಗೆಳೆಯ ಕೊಲೆಚ್ಕಾ ಎಂಬ ವೈದ್ಯ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚಾಕು ಬೆರಳಿಗೆ ತಗುಲಿ, ಬಾಣಂತಿಯರ ಹಾಗೆಯೇ ನಂಜೇರಿ ಸತ್ತರು. ಆಗ ಸೆಮ್ಮೆಲ್‌ವೈಸ್‌ಗೆ ಹೊಳೆಯಿತು. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದರು. ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆದು ಒಳಗೆ ಬರಬೇಕೆಂದು ವಿಧಿಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ. ನನಗೆ ಮುಖ್ಯವೆನಿಸಿದ್ದು ಆಮೇಲೆ ನಡೆದದ್ದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಸ್ರಾವವಾಗುತ್ತಿದ್ದ ಹೆಂಗಸೊಬ್ಬಳು ಸೇರಿದಳು. ಆಕೆಗೆ ಸಿಕ್ಕಿದ್ದು ಸಾಲಿನ ಮೊದಲ ಹಾಸಿಗೆ. ವೈದ್ಯರ ತಪಾಸಣೆ ಪ್ರತಿದಿನ ಶುರುವಾಗುತ್ತಿದ್ದದ್ದೂ ಅಲ್ಲಿಂದಲೇ. ಎಲ್ಲರೂ ನಿಯಮದಂತೆ ಬಾಗಿಲಲ್ಲಿ ಕೈ ತೊಳೆದೇ ಬಂದಿದ್ದರು. ಆದರೆ ಆಕೆಯನ್ನು ಪರೀಕ್ಷಿಸಿದ ಮೇಲೆ, ಮುಂದಿನ ಹಾಸಿಗೆಗೆ ಹೋಗುವ ಮುನ್ನ, ಸಾಬೂನು ನೀರು ಮಾತ್ರ. ಆಗ ಅಲ್ಲಿ ಹೆರಿಗೆಯಾದ 12 ಹೆಂಗಸರಲ್ಲಿ 11 ಮಂದಿ ಸತ್ತರು.

ಬಾಗಿಲಲ್ಲಿ ಒಮ್ಮೆ ಶುದ್ಧವಾದರೆ ಒಳಗೆಲ್ಲ ಶುದ್ಧ ಎಂಬ ನಂಬಿಕೆ ಅಲ್ಲಿ ಮುರಿಯಿತು. ಅಂದಿನಿಂದ ಪ್ರತಿ ರೋಗಿಯ ನಡುವೆಯೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಸೆಮ್ಮೆಲ್‌ವೈಸ್ ನಿಯಮ ಬಿಗಿ ಮಾಡಿದರು. ಈ ಅಕ್ಟೋಬರ್ ತಿಂಗಳನ್ನು ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತದೆ.

ಅವರ ಮಾತನ್ನು ಬಹುಪಾಲು ವೈದ್ಯರು ಒಪ್ಪಲಿಲ್ಲ. ವೈದ್ಯನ ಕೈಯೇ ಕೊಲೆಗಾರ ಎಂದರೆ ಯಾರು ಒಪ್ಪುತ್ತಾರೆ? 1865ರ ಆಗಸ್ಟ್ 13ರಂದು ವಿಯೆನ್ನಾದ ಹುಚ್ಚಾಸ್ಪತ್ರೆಯೊಂದರಲ್ಲಿ, 47ನೇ ವಯಸ್ಸಿನಲ್ಲಿ, ಗಾಯ ನಂಜೇರಿ ಅವರು ಸತ್ತರು. ಅದರ ಹಿಂದಿನ ದಿನ, ಆಗಸ್ಟ್ 12ರಂದು, ಗ್ಲಾಸ್ಗೋ ನಗರದಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದುಕೊಂಡ 11 ವರ್ಷದ ಹುಡುಗನ ಗಾಯಕ್ಕೆ ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆ ಕಟ್ಟಿದರು. ಮೂಳೆ ಹೊರಬಂದ ಅಂಥ ಗಾಯಕ್ಕೆ ಕಾಲು ಕತ್ತರಿಸುವುದೇ ಆಗಿನ ರೂಢಿ. ಹುಡುಗ ಆರು ವಾರದಲ್ಲಿ ಎರಡು ಕಾಲ ಮೇಲೆ ನಡೆದು ಮನೆಗೆ ಹೋದ. ಇಬ್ಬರು ವೈದ್ಯರಿಗೂ ಪರಸ್ಪರ ಪರಿಚಯವಿರಲಿಲ್ಲ.

ಲಿಸ್ಟರ್ ಕೂಡ ಗಾಳಿಯ ಮೋಹದಿಂದ ತಪ್ಪಿಸಿಕೊಳ್ಳಲಿಲ್ಲ ಎಂಬುದು ತಮಾಷೆಯ ಸಂಗತಿ. ಶಸ್ತ್ರಚಿಕಿತ್ಸೆ ನಡೆಯುವಾಗ ಕಾರ್ಬಾಲಿಕ್ ಆಮ್ಲವನ್ನು ಗಾಳಿಗೆ ತುಂತುರಾಗಿ ಸಿಂಪಡಿಸುವ ಯಂತ್ರವನ್ನು ವರ್ಷಗಟ್ಟಲೆ ಬಳಸಿದರು. ಸರ್ಜನ್ನರ ಕೈ ಸುಟ್ಟಿತು, ಎಲ್ಲರೂ ಕೆಮ್ಮಿದರು. 1890ರಲ್ಲಿ ಬರ್ಲಿನ್ನಿನ ವೈದ್ಯ ಸಮ್ಮೇಳನದಲ್ಲಿ, ಅಂಥದ್ದನ್ನು ಶಿಫಾರಸು ಮಾಡಿದ್ದಕ್ಕೆ ನಾಚಿಕೆಯಾಗುತ್ತದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ದೊಡ್ಡವರು ಹೀಗೆ ತಪ್ಪು ಒಪ್ಪಿಕೊಂಡದ್ದು ಸುದ್ದಿಯಾಗುವಷ್ಟು ಅಪರೂಪ. ವರದಿಗಾರ್ತಿಯಾಗಿ ಹೇಳುತ್ತಿದ್ದೇನೆ.

ಕೊನೆಗೆ ಗೆದ್ದದ್ದು ಹಬೆ. ಪಾಸ್ತರ್‌ರ ಸಹಾಯಕ ಶಾರ್ಲ್ ಶಾಂಬರ್‌ಲಾಂ 1879ರಲ್ಲಿ ಆಟೋಕ್ಲೇವ್ ತಯಾರಿಸಿದರು. ಅದಕ್ಕೆ 200 ವರ್ಷ ಮೊದಲು, 1679ರಲ್ಲಿ, ಮೂಳೆ ಮೆತ್ತಗೆ ಬೇಯಿಸಲು ಡೆನಿ ಪಾಪಾಂ ಎಂಬವರು ಮಾಡಿದ್ದ ಪಾತ್ರೆಯ ಮೊಮ್ಮಗ ಅದು. ಪಾಪಾಂ ಪಾತ್ರೆಯ ಇನ್ನೊಬ್ಬ ಮೊಮ್ಮಗ ನಮ್ಮ ಮನೆಗಳಲ್ಲಿ ಸೀಟಿ ಹಾಕುವ ಕುಕ್ಕರ್. ಒತ್ತಡ ಏರಿದರೆ ನೀರಿನ ಹಬೆ 100 ಡಿಗ್ರಿ ದಾಟುತ್ತದೆ, 121 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟರೆ ಬ್ಯಾಕ್ಟೀರಿಯಾದ ಬೀಜಾಣುಗಳೂ ಉಳಿಯುವುದಿಲ್ಲ. ರಬ್ಬರ್ ಕೈಚೀಲದ ಕಥೆಯೂ ಹೀಗೆಯೇ ಅಡ್ಡದಾರಿಯಲ್ಲಿ ಬಂದದ್ದು. 1889-90ರ ಚಳಿಗಾಲದಲ್ಲಿ ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ಅದನ್ನು ಮಾಡಿಸಿದ್ದು ರೋಗಿಗಾಗಿ ಅಲ್ಲ, ಕ್ರಿಮಿನಾಶಕದಿಂದ ಕೈ ಸುಲಿದುಹೋಗಿದ್ದ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಗಾಗಿ. ಆಮೇಲೆ ಅವರಿಬ್ಬರೂ ಮದುವೆಯಾದರು.

ಹೀಗೆ ಇಪ್ಪತ್ತನೇ ಶತಮಾನ ಬರುವ ಹೊತ್ತಿಗೆ ಚಾಕು, ಕತ್ತರಿ, ಬಟ್ಟೆ, ಕೈಚೀಲ ಎಲ್ಲಕ್ಕೂ ಹಬೆಯ ಸ್ನಾನ ಸಿಕ್ಕಿತು. ಅವು ಈಗ ಡ್ರಮ್ಮಿನೊಳಗೆ ಮೊಹರಾಗಿ ಬರುತ್ತವೆ. ಡ್ರಮ್ಮಿಗೆ ಹಿಡಿಯದ ವಸ್ತುಗಳ ಗತಿಯೇನು? ಅರಿವಳಿಕೆಯ ಯಂತ್ರ, ಮೇಜಿನ ರೆಕ್ಸಿನ್ ಹಾಸು, ಸಕ್ಷನ್ ಯಂತ್ರದ ಗುಂಡಿ, ಮಾನಿಟರಿನ ತಂತಿ, ಸ್ಟೆತಾಸ್ಕೋಪ್, ಎಲ್ಲರೂ ಒಂದೇ ರಾಶಿಯಿಂದ ಹಾಕಿಕೊಳ್ಳುವ ಥಿಯೇಟರ್ ಚಪ್ಪಲಿ. ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ ವಸ್ತುಗಳನ್ನು ಮೂರು ಪಂಗಡ ಮಾಡಿದರು. ಮೈಯೊಳಗೆ ಹೋಗುವುದಕ್ಕೆ ಪೂರ್ಣ ಕ್ರಿಮಿನಾಶ, ಒಳಪೊರೆ ಮುಟ್ಟುವುದಕ್ಕೆ ಗಟ್ಟಿ ಸೋಂಕುನಿವಾರಣೆ, ಬರೀ ಚರ್ಮ ಮುಟ್ಟುವುದಕ್ಕೆ ಸಾಧಾರಣ ಶುಚಿ. ಲೆಕ್ಕ ಸರಿಯಾದದ್ದೇ, ಇಂದಿಗೂ ಚಾಲ್ತಿಯಲ್ಲಿದೆ. ಆದರೆ 'ಸಾಧಾರಣ' ಎಂಬ ಮಾತಿಗೆ ನಮ್ಮಲ್ಲಿ 'ಮಾಡದಿದ್ದರೂ ನಡೆಯುತ್ತದೆ' ಎಂಬ ಅರ್ಥ ಬಂದುಬಿಡುತ್ತದೆ.

ಒಣಗಿದ ಜಾಗದಲ್ಲಿ ಕ್ರಿಮಿ ಬದುಕುತ್ತದೆಯೇ ಎಂದು ಕೇಳಬಹುದು. ಅದುವರೆಗಿನ ಸಂಶೋಧನೆಗಳನ್ನು ಒಟ್ಟುಮಾಡಿ ಜರ್ಮನಿಯ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗಾಯ ಕೀವಾಗಿಸುವ ಸ್ಟೆಫಿಲೊಕಾಕಸ್ ಒಣ ಮೇಲ್ಮೈಯಲ್ಲಿ 7 ದಿನದಿಂದ 7 ತಿಂಗಳವರೆಗೆ ಬದುಕಬಲ್ಲದು. ತೀವ್ರ ನಿಗಾ ಘಟಕಗಳ ದೊಡ್ಡ ತಲೆನೋವಾದ ಅಸಿನೆಟೊಬ್ಯಾಕ್ಟರ್ 3 ದಿನದಿಂದ 5 ತಿಂಗಳು.

ಈಗ ಅರಿವಳಿಕೆ ಯಂತ್ರಕ್ಕೆ ಬರೋಣ. ಹಳಬರು ಈಗಲೂ ಬಾಯ್ಲ್ ಯಂತ್ರ ಎನ್ನುತ್ತಾರಲ್ಲ, ಅದೇ. ರೋಗಿಯ ತಲೆಯ ಬಳಿ ನಿಂತ ವೈದ್ಯರು ಬಾಯಿ ತೆರೆದು ಗಂಟಲಿಗೆ ನಳಿಕೆ ಇಳಿಸುತ್ತಾರೆ. ಅದೇ ಕೈ ಅನಿಲದ ಗುಂಡಿ ತಿರುಗಿಸುತ್ತದೆ. ಅದೇ ಕೈ ಸಿರಿಂಜ್ ಎತ್ತಿ, ಡ್ರಿಪ್ ನಳಿಕೆಗೆ ಜೋಡಿಸಿರುವ, ನೀವು ತ್ರೀ-ವೇ ಎನ್ನುವ ಪುಟ್ಟ ತಿರುಗಣೆಗೆ ಔಷಧ ಕೊಡುತ್ತದೆ. ಅಮೆರಿಕದ ಡಾರ್ಟ್‌ಮತ್‌ನ ವೈದ್ಯರ ತಂಡ 61 ಶಸ್ತ್ರಚಿಕಿತ್ಸೆಗಳನ್ನು ಗಮನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಶಸ್ತ್ರಚಿಕಿತ್ಸೆ ಮುಗಿಯುವ ಹೊತ್ತಿಗೆ ಯಂತ್ರದ ಗುಂಡಿಗಳ ಮೇಲೆ ಬ್ಯಾಕ್ಟೀರಿಯಾ ಹೆಚ್ಚಿದ್ದವು. ಮೊದಲು ಶುದ್ಧವಾಗಿದ್ದ ತ್ರೀ-ವೇ ಒಳಕ್ಕೂ ನೂರಕ್ಕೆ 32 ಪ್ರಕರಣಗಳಲ್ಲಿ ಬ್ಯಾಕ್ಟೀರಿಯಾ ತಲುಪಿದ್ದವು. ಅಲ್ಲಿಂದ ರಕ್ತನಾಳಕ್ಕೆ ಬಾಗಿಲೇ ಇಲ್ಲ.

ಇದನ್ನು ಅಜಾಗರೂಕತೆ ಎಂದು ತಳ್ಳಿಹಾಕುವಂತಿಲ್ಲ. ರೋಗಿಯ ಆಮ್ಲಜನಕ ಇಳಿಯುತ್ತಿರುವಾಗ ಕೈ ತೊಳೆದು ಬಾ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಸೆಮ್ಮೆಲ್‌ವೈಸ್‌ರ ಅಕ್ಟೋಬರ್ ಇಲ್ಲೂ ಇದೆ. ಬಾಗಿಲಲ್ಲಿ ಮೊಣಕೈವರೆಗೆ ಉಜ್ಜುತ್ತೇವೆ. ಒಳಗೆ, ಒಬ್ಬ ರೋಗಿ ಹೊರಗೆ ಹೋಗಿ ಇನ್ನೊಬ್ಬ ಒಳಬರುವ ಆ ಹತ್ತು ಹದಿನೈದು ನಿಮಿಷದಲ್ಲಿ, ಆ ಗುಂಡಿಯನ್ನು ಯಾರು ಒರೆಸುತ್ತಾರೆ?

ಯಂತ್ರವೇ ಕ್ರಿಮಿಯ ಮನೆಯಾದ ಪ್ರಕರಣವೂ ಇದೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತವನ್ನು ತಂಪು ಮಾಡಲು, ಮತ್ತೆ ಬಿಸಿ ಮಾಡಲು ನೀರಿನ ತೊಟ್ಟಿಯುಳ್ಳ ಪೆಟ್ಟಿಗೆಯೊಂದನ್ನು ಬಳಸುತ್ತಾರೆ. ಅದರ ನೀರು ರೋಗಿಯನ್ನು ಮುಟ್ಟುವುದೇ ಇಲ್ಲ, ನಳಿಕೆಯೊಳಗೇ ಸುತ್ತುತ್ತದೆ. ಸ್ಪಾಲ್ಡಿಂಗ್ ಲೆಕ್ಕದಲ್ಲಿ ಅದಕ್ಕೆ ಕೊನೆಯ ಪಂಗಡದಲ್ಲೂ ಜಾಗವಿಲ್ಲ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ 2008ರಿಂದ 2012ರ ನಡುವೆ ಹೃದಯ ಶಸ್ತ್ರಚಿಕಿತ್ಸೆಯಾಗಿದ್ದ ಆರು ಮಂದಿ, ವರ್ಷಗಳೇ ಕಳೆದ ಮೇಲೆ, ವಿಚಿತ್ರ ಸೋಂಕಿನಿಂದ ಮರಳಿ ಬಂದರು. ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟ ಮೈಕೋಬ್ಯಾಕ್ಟೀರಿಯಂ ಕಿಮೇರಾ ಅದಕ್ಕೆ ಕಾರಣ. ವೈದ್ಯರು ನೀರು, ಗಾಳಿ ಎಲ್ಲ ಹುಡುಕಿದರು. ಪೆಟ್ಟಿಗೆಯ ತೊಟ್ಟಿಯಲ್ಲಿ ಆ ಕ್ರಿಮಿ ಸಿಕ್ಕಿತು. ಥಿಯೇಟರಿನ ಗಾಳಿಯಲ್ಲೂ ಸಿಕ್ಕಿತು, ಆದರೆ ಪೆಟ್ಟಿಗೆ ಓಡುತ್ತಿದ್ದಾಗ ಮಾತ್ರ. ಅದರ ಫ್ಯಾನು ತೊಟ್ಟಿಯ ತೇವವನ್ನು ಹೊರಕ್ಕೂದುತ್ತಿತ್ತು. ಶುದ್ಧ ಗಾಳಿಯ ವ್ಯವಸ್ಥೆಯಿದ್ದ ಥಿಯೇಟರಿನಲ್ಲೇ ಹೊಗೆ ಬಿಟ್ಟು ನೋಡಿದಾಗ ಅದು ಕ್ಷಣಗಳಲ್ಲಿ ಶಸ್ತ್ರಚಿಕಿತ್ಸೆಯ ಜಾಗ ತಲುಪಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನೂರಕ್ಕೂ ಹೆಚ್ಚು ಪ್ರಕರಣಗಳು ಪತ್ತೆಯಾದವು. ಬಹುಪಾಲು ಯಂತ್ರಗಳಿಗೆ ಕ್ರಿಮಿ ಅಂಟಿದ್ದು ಅವು ತಯಾರಾದ ಕಾರ್ಖಾನೆಯಲ್ಲೇ ಎಂದು 2017ರಲ್ಲಿ ಪ್ರಕಟವಾದ ಜೀನ್ ಪರೀಕ್ಷೆ ಸೂಚಿಸಿತು. ಇಲ್ಲಿ ಮಾತ್ರ, ನೋಡಿ, ಹಳೆಯ ಪಂಡಿತರ ಗಾಳಿಯ ವಾದಕ್ಕೂ ಸ್ವಲ್ಪ ಗೌರವ ಸಿಕ್ಕಿತು!

ನಮ್ಮ ಊರುಗಳಿಗೆ ಬರುತ್ತೇನೆ. ನಮ್ಮಲ್ಲಿ ಥಿಯೇಟರ್ ಶುದ್ಧಿ ಎಂದರೆ ಬಹುಕಾಲ ಒಂದೇ ಅರ್ಥ, ಫ್ಯುಮಿಗೇಷನ್. ವಾರದ ಕೊನೆಗೆ ಬಾಗಿಲು ಮುಚ್ಚಿ, ಸಂದುಗಳಿಗೆ ಟೇಪ್ ಅಂಟಿಸಿ, ಫಾರ್ಮಲಿನ್ ಹೊಗೆ ಹಾಕುವುದು. ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ನಿರ್ಣಯಿಸಿತು. ಆದರೂ ಹೊಗೆಯ ಮೇಲಿನ ನಂಬಿಕೆ ಪೂರ್ತಿ ಹೋಗಿಲ್ಲ. ಲಿಸ್ಟರ್ ನಾಚಿಕೊಂಡು ಬಿಟ್ಟದ್ದನ್ನು ನಾವು ಹಿಡಿದುಕೊಂಡಿದ್ದೇವೆ. ಭಾನುವಾರ ಹೊಗೆ ಹಾಕಿದರೆ ಸೋಮವಾರದ ಮೊದಲ ರೋಗಿಗೆ ಸಮಾಧಾನ. ಎರಡನೇ ರೋಗಿಗೆ ಅದರಿಂದ ಏನು ಸಿಕ್ಕೀತು?

ಇದಕ್ಕೆ ನಮ್ಮ ಮಡಿ-ಮೈಲಿಗೆಯ ಅಭ್ಯಾಸವೂ ಕಾರಣವಿರಬಹುದು ಎಂದು ನನಗನಿಸುತ್ತದೆ. ಶುದ್ಧಿ ನಮಗೆ ಹೊಸದಲ್ಲ. ಆದರೆ ಮಡಿ ಕೇಳುವುದು ಯಾರು ಮುಟ್ಟಿದರು ಎಂದು. ಕ್ರಿಮಿಯ ಲೆಕ್ಕ ಕೇಳುವುದು ಯಾವುದು ಮುಟ್ಟಿತು, ಆಮೇಲೆ ಅದು ಏನನ್ನು ಮುಟ್ಟಿತು ಎಂದು. ದೊಡ್ಡ ಡಾಕ್ಟರರ ಕೈಗೂ ಆಯಾಳ ಕೈಗೂ ಸ್ಟೆಫಿಲೊಕಾಕಸ್ ಭೇದ ಮಾಡುವುದಿಲ್ಲ. ಮಾಡುವವರು ನಾವು.

ಕೆಲವು ತಿಂಗಳ ಹಿಂದೆ ಬೇರೊಂದು ವರದಿಗಾಗಿ ಒಂದು ಆಸ್ಪತ್ರೆಯ ಥಿಯೇಟರ್ ವಿಭಾಗಕ್ಕೆ ಹೋಗಿದ್ದೆ. ಎರಡು ಶಸ್ತ್ರಚಿಕಿತ್ಸೆಗಳ ನಡುವಿನ ಹೊತ್ತು. ಆಯಾ ನೆಲ ಒರೆಸಿದರು, ಮೇಜು ಒರೆಸಿದರು. ನಿಜಕ್ಕೂ ಚೊಕ್ಕ ಕೆಲಸ. ಆದರೆ ಯಂತ್ರದ ಬಳಿ ಬಂದಾಗ ಬಟ್ಟೆ ಹಿಂದಕ್ಕೆ ಸರಿಯಿತು. ಯಾಕಮ್ಮ ಎಂದೆ. 'ಅದನ್ನ ನಾವು ಮುಟ್ಟಂಗಿಲ್ಲ ಮೇಡಂ, ಲಕ್ಷಾಂತರ ರೂಪಾಯಿದು. ಸಿಸ್ಟರ್ ನೋಡ್ಕೋತಾರೆ.' ಸಿಸ್ಟರನ್ನು ಕೇಳಿದೆ. 'ಅದು ಟೆಕ್ನಿಶಿಯನ್ ಕೆಲಸ' ಎಂದರು. ಟೆಕ್ನಿಶಿಯನ್ ಹುಡುಗ ನಗುತ್ತಾ, ತಾನು ಬೆಳಿಗ್ಗೆ ಯಂತ್ರ ಪರೀಕ್ಷಿಸುವುದಾಗಿಯೂ ಒರೆಸುವುದು ಹೌಸ್‌ಕೀಪಿಂಗ್‌ನವರ ಕೆಲಸವೆಂದೂ ಹೇಳಿದ. ಸುತ್ತು ಪೂರ್ತಿಯಾಯಿತು. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಊರಿನ ಸಾಲುಬಾವಿಯ ಹಗ್ಗ ಎಲ್ಲರದ್ದೂ ಆಗಿರುತ್ತದೆ, ಸವೆದಾಗ ಬದಲಿಸುವುದು ಯಾರದ್ದೂ ಆಗಿರುವುದಿಲ್ಲ. ಕೊಳೆ ತೆಗೆಯುವ ಕೆಲಸವನ್ನು ತೀರಾ ಕೆಳಗಿನವರಿಗೆ ಕೊಟ್ಟು, ಬೆಲೆಬಾಳುವ ವಸ್ತು ಮುಟ್ಟಬೇಡ ಎಂದು ಅವರಿಗೇ ಹೇಳಿದರೆ, ಬೆಲೆಬಾಳುವ ವಸ್ತುಗಳೇ ಕೊಳೆಯಾಗಿ ಉಳಿಯುತ್ತವೆ.

ಇದಕ್ಕೆ ಬೇಕಾದ ಮದ್ದು ದುಬಾರಿಯದಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಕಾಯಕಲ್ಪ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಶುಚಿತ್ವಕ್ಕೆ ಅಂಕ ಕೊಡುತ್ತಾರೆ, ಬಹುಮಾನವೂ ಇದೆ. ಅಂಕಪಟ್ಟಿ ಒಳ್ಳೆಯದೇ. ಆದರೆ ಪ್ರತಿ ವಸ್ತುವಿನ ಎದುರಿಗೆ ಒಂದು ಹೆಸರು, ಅದೂ ಹುದ್ದೆಯಲ್ಲ, ಆ ದಿನದ ಪಾಳಿಯವರ ಹೆಸರು ಬರೆದು ಗೋಡೆಗೆ ತೂಗುಹಾಕಿದ ಹಾಳೆ ಬೇಕು. ಹರಿದ ರೆಕ್ಸಿನ್ ಹಾಸನ್ನು ಪ್ಲಾಸ್ಟರ್ ಅಂಟಿಸಿ ಮುಂದುವರಿಸದೆ ಬದಲಿಸುವ ಧೈರ್ಯ ಬೇಕು, ಏಕೆಂದರೆ ಹರಿದ ಜಾಗದ ಸ್ಪಂಜಿನೊಳಕ್ಕೆ ಯಾವ ಒರೆಸುವ ಬಟ್ಟೆಯೂ ಹೋಗದು. ಮುಖ್ಯವಾಗಿ, 'ಸರ್, ಆ ಗುಂಡಿ ಒರೆಸಿಲ್ಲ, ಒಂದು ನಿಮಿಷ' ಎಂದು ಎಲ್ಲರಿಗಿಂತ ಕಿರಿಯಳು ಹೇಳಿದರೆ ಗದರದ ಥಿಯೇಟರ್ ಬೇಕು. ಇದನ್ನು ಹೇಳುವುದು ಸುಲಭ. ಸಂಪಾದಕರ ಮುಂದೆ ನಾನೇ ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ, ಆಸ್ಪತ್ರೆ ಸೇರಿದ ನೂರು ಜನರಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಆಸ್ಪತ್ರೆಯಲ್ಲೇ ಒಂದಲ್ಲ ಒಂದು ಸೋಂಕು ತಗಲುತ್ತದೆ. ಆ 15ರಲ್ಲಿ ನನ್ನ ಮಾವ ಒಬ್ಬರು ಎಂದುಕೊಂಡರೆ ಅಂಕಿ ಬೇರೆಯಾಗಿ ಕಾಣುತ್ತದೆ.

ಮಾವನ ಗಾಯ ಕೊನೆಗೂ ಮಾಯಿತು. ಸರ ಗಿರವಿ ಅಂಗಡಿಯಿಂದ ಹಿಂದಿರುಗಿತು. ಬದನೆಕಾಯಿ ಮಾತ್ರ ಆ ಮನೆಗೆ ಹಿಂದಿರುಗಿಲ್ಲ. ಈಗ ಅವರಿಗೆ ಬಲಗಡೆಯೂ ಹರ್ನಿಯಾ ಇಳಿದಿದೆ. ಮುಂದಿನ ತಿಂಗಳು ಆಪರೇಷನ್. ಕಳೆದ ವಾರ ಊರಿಗೆ ಹೋದಾಗ ಈ ಭಾಷಣದ ವಿಷಯ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಹೋಗುವ ಮುನ್ನ ಸರ್ಜನ್ನರನ್ನು ಒಂದು ಪ್ರಶ್ನೆ ಕೇಳಿ ಮಾವ ಎಂದೆ: ನನಗಿಂತ ಮೊದಲಿನವರು ಎದ್ದುಹೋದ ಮೇಲೆ ಮೇಜು, ಯಂತ್ರ, ಪಟ್ಟಿ ಒರೆಸುವವರು ಯಾರು?

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. 'ಹಂಗೆಲ್ಲಾ ಕೇಳಿದ್ರೆ ಡಾಕ್ಟ್ರು ಬೇಜಾರು ಮಾಡ್ಕಳಲ್ವೇನೇ? ಅವರ ಕೈಯಾಗೇ ಮಲಗಬೇಕಲ್ಲ ನಾನು.'

ನನ್ನಲ್ಲಿ ಉತ್ತರವಿರಲಿಲ್ಲ. ಇಲ್ಲಿ ಕೂತಿರುವ ನಿಮ್ಮಲ್ಲಿ ಯಾರಾದರೂ ಮುಂದಿನ ತಿಂಗಳು ಆ ಥಿಯೇಟರಿನಲ್ಲಿ ಡ್ಯೂಟಿಯಲ್ಲಿರಬಹುದು. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.